ಪದ ಕಟ್ಟದ ಮೈಲಾರಿ

ಪದ ಕಟ್ಟಿಸಿಕೊಳ್ಳದೆ ಯಾವ ಗಂಡಸೂ ದಂಡಿಗೆ ಹೋಗಬಾರದು. ಕರಿಮಟ್ಟಿಯ ಕಟ್ಟಳೆ ಅದು. ಕದ್ದವನಿಗೆ ಆ ಊರಿನಲ್ಲಿ ಕ್ಷಮೆಯಿತ್ತು, ಸುಳ್ಳು ಹೇಳಿದವನಿಗೆ ತಪ್ಪುಕಾಣಿಕೆಯಿತ್ತು, ಈ ಕಟ್ಟಳೆಗೆ ಮಾತ್ರ ಎರಡು ಮಾತಿರಲಿಲ್ಲ. ಅದನ್ನು ಒಂದು ದಿನ ಊರಿಗೆ ಊರೇ ಕೂಡಿ ಮುರಿಯಿತು. ಮುರಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿರುತ್ತೇನೆ, ಆಮೇಲೆ ಕಥೆಯಲ್ಲಿ ಕೆಟ್ಟವನನ್ನು ಹುಡುಕುತ್ತ ಕೂರಬೇಡಿ.

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಅದು ಹಿಂದಿನ ಮಾತೇ ಆಗಿದ್ದ ಕಾಲದಲ್ಲಿ, ಕರಿಮಟ್ಟಿ ಅಂತ ಒಂದು ಊರು. ಸುತ್ತ ಎರೆಭೂಮಿ, ಪಡುವಲಿಗೆ ಒಂದು ಹಳ್ಳ, ಹಳ್ಳದ ಆಚೆ ಹೊಸಗೇರಿ. ಆ ಸೀಮೆಗೊಬ್ಬ ನಾಯಕ. ನಾಯಕನಿಗೆ ವರ್ಷಕ್ಕೊಂದು ಜಗಳ. ಜಗಳಕ್ಕೆ ಜನ ಬೇಕಲ್ಲ, ಕರಿಮಟ್ಟಿಯಿಂದ ನಲವತ್ತು ಗಂಡಸರು ಹೋಗಬೇಕು ಅಂತ ಗೊತ್ತಾಗಿತ್ತು.

ಆ ಊರಿನಲ್ಲಿ ಮೈಲಾರಿ ಅಂತ ಒಬ್ಬ ಪದಕಾರನಿದ್ದನಂತೆ. ಅವನ ಅಪ್ಪನೂ ಪದಕಾರ, ಅಜ್ಜನೂ ಪದಕಾರ. ಪದ ಅಂದರೆ ಬರೀ ಹಾಡು ಅಂದುಕೊಳ್ಳಬೇಡಿ. ದಂಡಿಗೆ ಹೋಗುವವನನ್ನು ಅವನ ಮನೆಯ ಹೊಸ್ತಿಲ ಹೊರಗೆ ನಿಲ್ಲಿಸಿ, ಅವನು ಹೇಗೆ ಸಾಯುತ್ತಾನೆ ಎನ್ನುವುದನ್ನು ಅವನೆದುರಿಗೇ ಹಾಡುವುದು. ಈಟಿ ಎದೆಯಲ್ಲಿ ಎಲ್ಲಿ ನಾಟಿತು, ಬಿದ್ದಾಗ ಮುಖ ಯಾವ ದಿಕ್ಕಿಗಿತ್ತು, ಕಡೆಗೆ ಏನೆಂದ, ಎಲ್ಲವೂ ಅದರಲ್ಲಿರಬೇಕು. ತಾಯಿ ಪಕ್ಕದಲ್ಲಿ ಆರತಿ ಹಿಡಿದು ನಿಂತು ಕೇಳಬೇಕು. ಹಾಡು ಮುಗಿದ ಮೇಲೆ ಅವನು ತಿರುಗಿ ಮನೆಯೊಳಗೆ ಕಾಲಿಡುವಂತಿಲ್ಲ, ಅಲ್ಲಿಂದಲೇ ನಡೆಯಬೇಕು. ಪದವಿದ್ದವನು ಸತ್ತರೆ ಊರ ಅಗಸೆಬಾಗಿಲ ಹೊರಗೆ ಅವನ ಕಲ್ಲು ನಿಲ್ಲುತ್ತಿತ್ತು, ಕಲ್ಲಿಗೆ ವರ್ಷಕ್ಕೊಮ್ಮೆ ಎಡೆ ಸಲ್ಲುತ್ತಿತ್ತು. ಪದವಿಲ್ಲದೆ ಸತ್ತವನಿಗೆ ಕಲ್ಲಿಲ್ಲ, ಎಡೆಯಿಲ್ಲ. ಅವನು ದೆವ್ವವಾಗಿ ಬೇಲಿ ಬೇಲಿ ಅಲೆಯುತ್ತಾನೆ ಅಂತ ಆ ಜನ ನಂಬಿದ್ದರು.

ಬದುಕಿ ಬಂದವನ ಗತಿ ಏನು ಅಂತ ನೀವು ಕೇಳಬಹುದು. ನಾಯಕ ಗೆದ್ದರೆ ಬದುಕಿದವರೆಲ್ಲ ನಗಾರಿಯ ಹಿಂದೆ ಸಾಲಾಗಿ ಬರುತ್ತಿದ್ದರು. ಅಗಸೆಯಲ್ಲಿ ತಲೆಯ ಮೇಲೆ ನೀರು ಹೊಯ್ದು, ಪದ ಇಳಿಯಿತು ಅಂತ ಸಾರಿ, ಒಳಗೆ ಕರೆದುಕೊಳ್ಳುತ್ತಿದ್ದರು. ಸೋತು, ನಗಾರಿಯಿಲ್ಲದೆ, ಒಬ್ಬನೇ ಬಂದರೆ ಏನು ಮಾಡಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಂಥವನು ಅದುವರೆಗೆ ಬಂದಿರಲೇ ಇಲ್ಲ.

ಮೈಲಾರಿಯ ಪದ ಕೇಳಿದರೆ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸುತ್ತಿತ್ತು ಅಂತಾರೆ. ಬದುಕುವ ಆಸೆಯಿದ್ದವನೂ ಅವನ ಬಾಯಲ್ಲಿ ತನ್ನ ಸಾವನ್ನು ಕೇಳಿ, ಇಷ್ಟು ಚೆಂದದ ಸಾವು ಬಿಟ್ಟರೆ ಸಿಗುವುದಿಲ್ಲ ಅಂತ ಹೊರಟುಬಿಡುತ್ತಿದ್ದ ಅಂತಾರೆ. ಎತ್ತಿನ ಮಾತು ನನಗೆ ಗೊತ್ತಿಲ್ಲ. ಎರಡನೆಯದನ್ನು ನಂಬುತ್ತೇನೆ.

ಗೋಣೆಪ್ಪ ಅಂತ ಅವನ ಓರಗೆಯವನೊಬ್ಬ ಇದ್ದ. ಕಂಬಳಿ ನೇಯುವವನು, ಸ್ವಲ್ಪ ಪುಕ್ಕಲ, ಮಾತಿಗೆ ಮೊದಲು ನಗುವವನು. ಅವನ ಸರದಿ ಬಂದಾಗ ಮೈಲಾರಿ ಅವನಿಗೆ ತನ್ನ ಕೈಲಾದ ಎಲ್ಲಕ್ಕಿಂತ ದೊಡ್ಡ ಪದ ಕಟ್ಟಿದ. ನಾಲ್ಕು ಈಟಿ ಎದೆಗೆ ನೆಟ್ಟರೂ ಗೋಣೆಪ್ಪ ಹಿಂದೆ ಸರಿಯಲಿಲ್ಲ, ಬಿದ್ದವನ ಮುಖ ಆಕಾಶಕ್ಕಿತ್ತು, ಹದ್ದು ಬಂದು ಕೈಮುಗಿದು ಹೋಯಿತು ಅಂತ ಹಾಡಿದ. ತಾಯಿ ನಿಂಗವ್ವ ಆರತಿ ಹಿಡಿದು ಕಣ್ಣೀರಿಳಿಸದೆ ಕೇಳಿದಳು. ಊರು ಅವಳನ್ನು ಹೊಗಳಿತು.

ದಂಡು ಸೋತಿತು. ನಲವತ್ತರಲ್ಲಿ ಒಬ್ಬನೂ ಬರಲಿಲ್ಲ. ಕಲ್ಲುಕುಟಿಗರು ಬಂದರು, ಕಲ್ಲು ನಿಂತವು. ನಿಂಗವ್ವನನ್ನು ಊರಿನ ಎಲ್ಲ ಕಾರ್ಯದಲ್ಲಿ ಮುಂದಿನ ಸಾಲಿಗೆ ಕೂರಿಸತೊಡಗಿದರು.

ಎರಡು ತಿಂಗಳಾದ ಮೇಲೆ, ಬೇಸಿಗೆಯ ನಡುಮಧ್ಯಾಹ್ನ, ಗೋಣೆಪ್ಪ ಬಂದ. ಎದೆಯಲ್ಲಿ ಗಾಯವಿರಲಿಲ್ಲ. ಮೊಣಕಾಲ ಹಿಂದೆ ಒಂದಿತ್ತು, ಓಡುವವನಿಗೆ ಆಗುವಂಥದ್ದು. ಕುಂಟುತ್ತ ಬಂದು ತನ್ನ ಮನೆಯ ಬಾಗಿಲು ಬಡಿದ.

"ಯವ್ವಾ, ಬಾಗಲಾ ತಗಿ. ನಾ ಅದೀನಿ."

ಒಳಗಿನಿಂದ ನಿಂಗವ್ವ ಹೇಳಿದ ಮಾತನ್ನು ಕರಿಮಟ್ಟಿಯಲ್ಲಿ ಇವತ್ತಿಗೂ ಹೇಳುತ್ತಾರೆ.

"ನನ್ನ ಮಗಾ ಸತ್ತಾನ. ಊರೆಲ್ಲಾ ಕೇಳೈತಿ."

ಯಾರೂ ಅವನಿಗೆ ಕಲ್ಲು ಬೀಸಲಿಲ್ಲ, ಬೈಯಲಿಲ್ಲ. ಸುಮ್ಮನೆ ಅವನನ್ನು ನೋಡದೆ ಹೋದರು. ಬಾವಿಕಟ್ಟೆಯಲ್ಲಿ ಅವನ ಬೊಗಸೆಗೆ ನೀರು ಹೊಯ್ಯುವವರಿರಲಿಲ್ಲ, ಸತ್ತವನಿಗೆ ಬಾಯಾರಿಕೆ ಎಲ್ಲಿಯದು. ಮೂರು ದಿನ ಅವನು ಅಗಸೆಯ ಹೊರಗೆ ತನ್ನ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದನಂತೆ. ಮೈಲಾರಿ ನೀರು ರೊಟ್ಟಿ ತಂದುಕೊಟ್ಟ. ಗೋಣೆಪ್ಪ ತಿಂದು, ಆ ಕಲ್ಲಿನ ಮೇಲೆ ಕಡೆದಿದ್ದ ತನ್ನ ಮೀಸೆಯನ್ನು ಮುಟ್ಟಿ ನೋಡಿ, ಇಷ್ಟು ದೊಡ್ಡ ಮೀಸಿ ನನಗ ಎಂದಿತ್ತೋ ಅಂತ ನಕ್ಕನಂತೆ. ಆಮೇಲೆ ಕೇಳಿದನಂತೆ.

"ಕಟ್ಟಿದಾಂವ ನೀನ ಅಲ್ಲೇನು ಮೈಲಾರಿ. ನೀನ ಬಿಚ್ಚು."

ಮೈಲಾರಿ ಊರ ಗೌಡನ ಹತ್ತಿರ ಹೋದ. ಪದ ಸುಳ್ಳಾಗಿದೆ, ನೀರು ಹೊಯ್ದು ಒಳಗೆ ಕರೆಯಿರಿ ಅಂತ ಬೇಡಿಕೊಂಡ. ಗೌಡ ಕೆಟ್ಟವನಲ್ಲ ಅಂತ ಮೊದಲೇ ಹೇಳಿದ್ದೇನೆ. ಅವನು ಯೋಚಿಸಿಯೇ ಹೇಳಿದ: ಒಬ್ಬನ ಪದ ಸುಳ್ಳಾದರೆ ಉಳಿದ ಮೂವತ್ತೊಂಬತ್ತು ಕಲ್ಲಿನ ಮುಂದೆ ಎಡೆ ಇಡುವ ತಾಯಂದಿರಿಗೆ ಏನು ಹೇಳೋಣ. ಮೈಲಾರಿ ಎದ್ದು ಬಂದ.

ನಾಲ್ಕನೆಯ ದಿನ ಗೋಣೆಪ್ಪ ಹಳ್ಳದ ಮಡುವಿನಲ್ಲಿ ತೇಲುತ್ತಿದ್ದ. ಸತ್ತವನು ಇನ್ನೊಮ್ಮೆ ಸಾಯುವುದುಂಟೇ ಅಂತ ಯಾರೂ ಎತ್ತಲಿಲ್ಲ. ಎತ್ತಿದವರು ಇಬ್ಬರು, ಮೈಲಾರಿ ಮತ್ತು ನಗಾರಿ ಬಾರಿಸುವ ಕರಿಯಣ್ಣ. ಇಬ್ಬರೇ ಕುಣಿ ತೋಡಿದರು. ಮಣ್ಣು ಎಳೆದ ಮೇಲೆ ಮೈಲಾರಿ, ಇನ್ನು ದಂಡಿಗೆ ಹೋಗುವ ಯಾರಿಗೂ ನಾನು ಪದ ಕಟ್ಟುವುದಿಲ್ಲ, ಯಾರಿಗೂ ಈ ವಿದ್ಯೆ ಕಲಿಸುವುದೂ ಇಲ್ಲ ಅಂದ. ಕರಿಯಣ್ಣ ಒಬ್ಬನೇ ಅದನ್ನು ಕೇಳಿದವನು. ಹುಚ್ಚು ಬಿಡು, ನಾಯಕ ತೊಗಲು ಸುಲಿಸ್ತಾನ ಅಂದನಂತೆ.

ನಾಯಕ ತೊಗಲು ಸುಲಿಸಲಿಲ್ಲ. ಏಳು ದಿನ ಮೈಲಾರಿಯ ಕಾಲಿಗೆ ಮರದ ಕೋಳ ಹಾಕಿಸಿ ಬಿಸಿಲಿನಲ್ಲಿ ಕೂರಿಸಿದ. ಅಪ್ಪನ ಕಾಲದಿಂದ ಬಂದ ಉಂಬಳಿ ಹೊಲ ಕಿತ್ತುಕೊಂಡ. ಕೊಲ್ಲಲಿಲ್ಲ ಯಾಕೆಂದರೆ ಊರಿಗೆ ಇನ್ನೊಬ್ಬ ಪದಕಾರನಿರಲಿಲ್ಲ. ಬೇರೆ ಊರಿನಿಂದ ಒಬ್ಬನನ್ನು ಕರೆಸಿ ನೋಡಿದ. ಅವನು ಕಂಚಿನ ಕಂಠದವನೇ. ಕರಿಮಟ್ಟಿಯ ಜನ ಕೇಳಿ, ನಮ್ಮ ಹಳ್ಳದ ನೀರು ಕುಡಿಯದವನ ಪದ ನಮಗೆ ಹತ್ತುವುದಿಲ್ಲ ಅಂತ ಎದ್ದು ಹೋದರು. ಪದವಿಲ್ಲ, ಕಟ್ಟಳೆ ಬಿಡುವಂತಿಲ್ಲ. ಹೀಗೆ ಇಪ್ಪತ್ತು ವರ್ಷ ಕರಿಮಟ್ಟಿಯಿಂದ ಒಬ್ಬ ಗಂಡಸೂ ದಂಡಿಗೆ ಹೋಗಲಿಲ್ಲ. ಒಬ್ಬನ ಬಾಯಿ ಮುಚ್ಚಿದ್ದರಿಂದ ಇಷ್ಟಾಯಿತು.

ಮೈಲಾರಿ ಹಾಡುವುದನ್ನು ಬಿಡಲಿಲ್ಲ. ಬೀಸುಕಲ್ಲಿಗೆ ಪದ ಕಟ್ಟಿದ, ಬಿತ್ತುವ ಕೂರಿಗೆಗೆ ಕಟ್ಟಿದ, ತೊಟ್ಟಿಲಿಗೆ ಕಟ್ಟಿದ. ಹಾಲು ಕೊಡದ ಎಮ್ಮೆಯೊಂದನ್ನು ಹೊಗಳಿ ಕಟ್ಟಿದ. ಅದಾದ ಮೇಲೆ ಚಾವಡಿಯ ಮೇಲೆ ಕೂತ ಗಂಡಸರು ಅವನನ್ನು ಎಮ್ಮಿ ಕವಿ ಅಂತಲೇ ಕರೆದರು. ಈಟಿ ಹಿಡಿದವನಿಗೆ ಹಾಡೋ ಬಾಯಿ ಎಮ್ಮಿ ಮೊಲಿಗೆ ಬಂತಲ್ಲೋ ಅಂತ ನಗುತ್ತಿದ್ದರು. ಅವನು ನಿಂತು, ಎಮ್ಮಿ ಸಾಯಂದ್ರ ಸಾಯಂಗಿಲ್ಲ, ನಿಮಗಿಂತಾ ಶಾಣೇ ಅದು ಅಂತ ಹೇಳಿ ಹೋಗುತ್ತಿದ್ದ. ಹಾಡಿದ ಮೇಲೆ ಎಮ್ಮೆ ಎರಡು ತಂಬಿಗೆ ಹಾಲು ಕೊಟ್ಟಿತು ಅಂತಾರೆ. ಇರಬಹುದು. ನಾನು ಅದಕ್ಕೆ ಸಾಕ್ಷಿ ನಿಲ್ಲಲಾರೆ.

ಹೊಲವಿಲ್ಲದ ಮನೆ ಹೇಗೆ ನಡೆಯಿತು ಅಂದರೆ, ಬೆಳಗಾಗೆದ್ದು ಅವನ ಹೆಂಡತಿ ಸಂಕವ್ವ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಒಂದು ಮೊರ ಜೋಳ ಇರುತ್ತಿತ್ತು. ಒಂದು ದಿನ ಒಬ್ಬಳು ಇಡುತ್ತಿದ್ದಳು, ಇನ್ನೊಂದು ದಿನ ಇನ್ನೊಬ್ಬಳು. ಇಟ್ಟವಳು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಎಲ್ಲರೂ ಗಂಡುಮಕ್ಕಳನ್ನು ಹೆತ್ತವರು.

ಇಪ್ಪತ್ತು ವರ್ಷದಲ್ಲಿ ಹೊಸ ಗಂಡಸರು ಬೆಳೆದು ನಿಂತರು. ದಂಡು ಕಾಣದವರು. ಅಗಸೆಯ ಹೊರಗಿನ ಕಲ್ಲುಗಳನ್ನು ಮಾತ್ರ ಕಂಡವರು. ಕಲ್ಲಿನಲ್ಲಿ ಎಲ್ಲರ ಮೀಸೆಯೂ ದೊಡ್ಡದು.

ಆಗ ಒಂದು ಹೋರಿಯ ವಿಷಯ ಬಂತು. ದೇವರಿಗೆ ಬಿಟ್ಟ ಹೋರಿ, ಕರಿಮಟ್ಟಿಯದು. ಹಳ್ಳ ದಾಟಿ ಹೊಸಗೇರಿಯ ಕಡಲೆ ಹೊಲ ಹೊಕ್ಕು ಮೇಯಿತು. ಒಂದು ಸಲ ಅಟ್ಟಿದರು, ಎರಡು ಸಲ ಅಟ್ಟಿದರು. ಮೂರನೆಯ ಸಲ ಹಿಡಿದು ಬೀಜ ಒಡೆದು, ಕೊಂಬಿಗೆ ಬಳೆ ಕಟ್ಟಿ, ನಿಮ್ಮೂರ ಗಂಡಸರನ್ನು ಕಳಿಸಿದ್ದೇವೆ ಅಂತ ಹೇಳಿ ಅಟ್ಟಿಬಿಟ್ಟರು. ಬಳೆ ಕಟ್ಟಿಕೊಂಡ ಹೋರಿ ಹಳ್ಳ ದಾಟಿ ಊರ ನಡುವೆ ನಡೆದು ಬಂತು. ನೋಡಿದವರು ಕೆಲವರು ನಕ್ಕರಂತೆ. ನಕ್ಕವರು ಆಮೇಲೆ ಹೆಚ್ಚು ಕೂಗಾಡಿದರು.

ನಾಯಕನಿಗೆ ಹೊಸಗೇರಿಯ ಮೇಲೆ ಮೊದಲೇ ಕಣ್ಣಿತ್ತು. ನಲವತ್ತು ಕತ್ತಿ ಕಳಿಸುತ್ತೇನೆ, ಹಿಡಿಯುವವರಿದ್ದರೆ ಹೇಳಿ ಅಂತ ಹೇಳಿಕಳಿಸಿದ. ಹಿಡಿಯುತ್ತೇನೆ ಅಂತ ಮೊದಲು ಎದ್ದವನು ಲಕ್ಕಪ್ಪ. ಅವನು ಮೈಲಾರಿಯ ಒಬ್ಬನೇ ಮಗ.

ಎಮ್ಮಿ ಕವಿಯ ಮಗ ಅಂತ ಅನ್ನಿಸಿಕೊಂಡು ಬೆಳೆದವನು ಅವನು. ಬೇರೆ ಏನು ಆಗಬಹುದಿತ್ತು ಅಂತ ನಾನು ಕೇಳಿಕೊಳ್ಳುತ್ತೇನೆ. ಅವನು ಮನೆಗೆ ಬಂದು ಅಪ್ಪನ ಮುಂದೆ ನಿಂತ. ಮೈಲಾರಿ ಹಗ್ಗ ಹೊಸೆಯುತ್ತಿದ್ದ.

"ಯಪ್ಪಾ, ನನಗೊಂದು ಪದಾ ಕಟ್ಟು."

"ಬೀಸೂದಕ್ಕೊ, ಬಿತ್ತೂದಕ್ಕೊ?"

"ಚ್ಯಾಷ್ಟಿ ಬ್ಯಾಡ. ನಾ ಹೋಗಾಂವ ಅದೀನಿ."

"ಹೋಗಬ್ಯಾಡ."

"ಎಮ್ಮಿಗೆ ಕಟ್ಟಿದಿ. ಮಗಗ ಕಟ್ಟೂದಿಲ್ಲ?"

ಮೈಲಾರಿ ಹಗ್ಗ ಕೆಳಗಿಟ್ಟ. ನೀನು ಹುಟ್ಟಿದಾಗ ಕಟ್ಟಿದ್ದು ಒಂದಿದೆ, ಹಾಡಲೇ ಅಂತ ಕೇಳಿದನಂತೆ. ಲಕ್ಕಪ್ಪ ಉಗುಳಿ ಹೊರಗೆ ಹೋದ.

ಸಂಕವ್ವ ಇಪ್ಪತ್ತು ವರ್ಷದಲ್ಲಿ ಗಂಡನ ಹಟಕ್ಕೆ ಅಡ್ಡ ಬಂದವಳಲ್ಲ. ಅವತ್ತು ಅವನ ಕಾಲ ಬಳಿ ಕೂತಳು. ಅವನು ಹೇಗೂ ಹೋಗುತ್ತಾನೆ, ನಾನು ತಡೆದು ನೋಡಿದೆ, ನಿಲ್ಲುವವನಲ್ಲ. ಪದವಿಲ್ಲದೆ ಹೋದರೆ ನನ್ನ ಮಗ ದೆವ್ವವಾಗಿ ಬೇಲಿ ಬೇಲಿ ಅಳುತ್ತಾನೆ. ಒಂದು ಪದ ಕಟ್ಟು, ಎರಡೇ ಸಾಲು ಸಾಕು, ಕಲ್ಲಿಗೊಂದು ಎಡೆ ಇಟ್ಟುಕೊಂಡಾದರೂ ಇರುತ್ತೇನೆ ಅಂದಳು.

ಮೈಲಾರಿ ಅವಳಿಗೆ ತಿಳಿಸಿ ಹೇಳಿದ. ನಾನು ಒಬ್ಬನಿಗೆ ಕಟ್ಟಿದರೆ ನಲವತ್ತು ಜನಕ್ಕೂ ಕಟ್ಟಬೇಕಾಗುತ್ತದೆ. ಕಟ್ಟದಿದ್ದರೆ ಕಟ್ಟಳೆಯಿದೆ, ಯಾರೂ ಹೋಗುವಂತಿಲ್ಲ, ಲಕ್ಕನೂ ಉಳಿಯುತ್ತಾನೆ. ಕಟ್ಟಳೆಯನ್ನು ಊರು ಬಿಡುವುದಿಲ್ಲ ಸಂಕವ್ವಾ, ಗೋಣೆಪ್ಪನಿಗಾಗಿ ಬಿಡದವರು ಇದಕ್ಕೆ ಬಿಡುತ್ತಾರೆಯೇ.

ಅವನ ಎಣಿಕೆ ತಪ್ಪಿದ್ದು ಇಲ್ಲಿ. ಒಬ್ಬನನ್ನು ಬದುಕಿಸುವುದಕ್ಕೆ ಸಡಿಲವಾಗದ ಕಟ್ಟಳೆ ನಲವತ್ತು ಜನರನ್ನು ಕಳಿಸುವುದಕ್ಕೂ ಸಡಿಲವಾಗುವುದಿಲ್ಲ ಅಂತ ಅವನು ತಿಳಿದಿದ್ದ.

ಮಾರನೆಯ ದಿನ ಚಾವಡಿಯಲ್ಲಿ ಊರು ಕೂಡಿತು. ಗೌಡ ಈಗ ಮುದುಕ. ಮೈಲಾರಿಯನ್ನು ಕರೆಸಿ ಮೂರು ಸಲ ಕೇಳಿದ, ಕಟ್ಟುತ್ತೀಯೋ ಇಲ್ಲವೋ. ಮೂರು ಸಲವೂ ಅವನು ಇಲ್ಲ ಅಂದ. ಆಗ ಗೌಡ, ಮಾತು ಹುಡುಕಿ ಹುಡುಕಿ ಹೇಳಿದ.

"ನಗಾರಿ ಬಾರಿಸಿದ್ರ ಆತು. ಇದೊಂದು ಸಲ ನಗಾರಿನ ಪದಾ ಅಂತ ತಿಳಕೊಳ್ರಿ."

ಅಷ್ಟೇ. ಎಷ್ಟೋ ತಲೆಮಾರಿನ ಕಟ್ಟಳೆ ಮುರಿಯಲು ಒಂದು ಎಲೆ ಅಡಿಕೆ ಜಗಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಆಗಲಿ ಅಂದವರಲ್ಲಿ ಮುದುಕರಿದ್ದರು, ಪೂಜಾರಿಯಿದ್ದ, ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಜೋಳ ಇಟ್ಟ ಹೆಂಗಸರಿದ್ದರು. ಅವರು ಮನೆಗೆ ಹೋಗಿ ಆರತಿ ತಟ್ಟೆ ಬೆಳಗಿ ತಂದರು. ಸಂಕವ್ವನೂ ತಂದಳು. ನಗಾರಿ ಬಾರಿಸಲು ಒಪ್ಪಿದವನು ಕರಿಯಣ್ಣ, ಗೋಣೆಪ್ಪನ ಕುಣಿ ತೋಡಿದವನು. ಒಪ್ಪದೆ ಏನು ಮಾಡಲಿ, ಊರ ನಗಾರಿ, ಊರ ಅನ್ನ ಅಂದನಂತೆ.

ಈ ಕಥೆ ಹೇಳುವವರು ಮುಂದಿನದನ್ನು ಹಿಗ್ಗಿಸಿ ಹಿಗ್ಗಿಸಿ ಕೇಳುವವರನ್ನು ಅಳಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಅವರು ಹೋದರು. ಹೊಸಗೇರಿ ಉರಿಯಿತು. ತೊಟ್ಟಿಲ ಸಮೇತ ಉರಿದ ಮನೆಗಳಿದ್ದವು. ಕರಿಮಟ್ಟಿಯ ನಲವತ್ತರಲ್ಲಿ ಒಂಬತ್ತು ಜನ ತಿರುಗಿ ಬಂದರು. ನಗಾರಿಯನ್ನು ಪದ ಅಂತ ಆಮೇಲೆ ಯಾರೂ ಎಣಿಸಲಿಲ್ಲ, ಪದವೇ ಇಲ್ಲದ್ದರಿಂದ ಅವರಿಗೆ ನೀರು ಹೊಯ್ದು ಇಳಿಸುವಂಥದ್ದೂ ಏನಿರಲಿಲ್ಲ, ಸುಮ್ಮನೆ ಮನೆ ಹೊಕ್ಕರು. ಲಕ್ಕಪ್ಪ ಬರಲಿಲ್ಲ. ಅವನೂ ಸೇರಿ ಸತ್ತ ಮೂವತ್ತೊಂದು ಜನಕ್ಕೆ ಕಲ್ಲೂ ನಿಲ್ಲಲಿಲ್ಲ. ಸತ್ತ ಮೇಲಾದರೂ ಪದ ಕಟ್ಟು ಅಂತ ತಾಯಂದಿರು ಮೈಲಾರಿಯ ಬಾಗಿಲಿಗೆ ಬಂದರು. ಅವರವರು ಹೇಗೆ ಬದುಕಿದ್ದರು ಹೇಳಿ, ಅದನ್ನು ಕಟ್ಟುತ್ತೇನೆ ಅಂದ ಅವನು. ಕೆಲವರು ಹೇಳಿದರು. ಕೆಲವರು ಮಣ್ಣು ತೂರಿ ಹೋದರು.

ಮೈಲಾರಿ ಆಮೇಲೆ ಹನ್ನೊಂದು ವರ್ಷ ಬದುಕಿದ. ಅವನ ಕೈಗೆ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಸಂಕವ್ವ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಹನ್ನೊಂದು ವರ್ಷ, ದಿನಕ್ಕೆ ಎರಡು ಹೊತ್ತು ತಿನ್ನಿಸಿದಳು. ಒಂದು ಮಾತೂ ಆಡಲಿಲ್ಲ.

ಕರಿಮಟ್ಟಿಯಲ್ಲಿ ಇವತ್ತಿಗೂ ಮದುವೆಯಾಗಲಿ, ಹೆಸರಿಡುವುದಾಗಲಿ, ಮೊಹರಮ್ಮಿನ ಅಲಾಯಿ ಹಬ್ಬವಾಗಲಿ, ಯಾವ ವಾದ್ಯ ಬಾರಿಸುವವನೂ ಮೊದಲು ಕೋಲು ಕಂಕುಳಲ್ಲಿ ಇಟ್ಟುಕೊಂಡು ತೊಗಲಿನ ಮೇಲೆ ಬಲಗೈ ಇಡುತ್ತಾನೆ, ಅದರ ಪಕ್ಕದಲ್ಲಿ ಎಡಗೈ ಇಡುತ್ತಾನೆ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ನಿಲ್ಲುತ್ತಾನೆ. ಅಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ, ಮದುಮಗನೂ ತಲೆ ತಗ್ಗಿಸುತ್ತಾನೆ. ಅದಕ್ಕೆ ಮೈಲಾರಿ ಕೈ ಅಂತಾರೆ. ಹೊರಗಿನಿಂದ ಬಂದ ನೆಂಟರು, ಎರಡು ಕೈ ಯಾಕೆ, ನಮಸ್ಕಾರಕ್ಕೆ ಒಂದು ಮುಟ್ಟಿದರೆ ಸಾಲದೇ ಅಂತ ಕೇಳುತ್ತಾರೆ. ಅದು ನಮಸ್ಕಾರವಲ್ಲ. ಅವತ್ತು ಅಗಸೆಯಲ್ಲಿ ನಡೆದದ್ದನ್ನು ಆಗ ಅವರಿಗೆ ಹೇಳುತ್ತಾರೆ.

ನಲವತ್ತು ಜನ ಸಾಲಾಗಿ ನಿಂತಿದ್ದರು. ಮುಂದೆ ಲಕ್ಕಪ್ಪ. ತಟ್ಟೆಗಳಲ್ಲಿ ದೀಪ ಉರಿಯುತ್ತಿತ್ತು. ನಗಾರಿಯನ್ನು ಅಗಸೆಯ ಬಾಯಲ್ಲಿ ಇಟ್ಟಿದ್ದರು. ಅದು ಸದ್ದು ಮಾಡಿದರೆ ಹೆಜ್ಜೆ ಎತ್ತಬೇಕು. ಕರಿಯಣ್ಣ ಎರಡು ಕೋಲು ಮೇಲೆತ್ತಿದ. ಆಗ ಮೈಲಾರಿ ಜನರ ನಡುವಿನಿಂದ ಬಂದು ನಗಾರಿಯ ತೊಗಲಿನ ನಟ್ಟನಡುವೆ ಬಲಗೈಯ ಅಂಗೈ ಊರಿದ.

ಕರಿಯಣ್ಣ ಮೆಲ್ಲಗೆ ಹೇಳಿದ.

"ತಗೀಯೋ ಮಾರಾಯಾ. ಮಂದಿ ನೋಡಾಕತ್ತಾರ."

ಅವನು ತೆಗೆಯಲಿಲ್ಲ. ಎಳೆಯಲು ಇಬ್ಬರು ಬಂದರು, ಗೌಡ ಬೇಡವೆಂದ. ಪದಕಾರನ ಮೈ ಮುಟ್ಟಿ ಎಳೆದರೆ ಅಪಶಕುನ, ಬಾರಿಸು, ತಾನೇ ತೆಗೆಯುತ್ತಾನೆ ಅಂದ. ಕರಿಯಣ್ಣ ಗೌಡನ ಮುಖ ನೋಡಿದ, ಮೈಲಾರಿಯ ಮುಖ ನೋಡಿದ. ಬಾರಿಸಿದ. ನಗಾರಿಯ ಕೋಲು ಬಿಕ್ಕೆ ಎಂಬ ಗಟ್ಟಿ ಮರದ್ದು, ಮೊಣಕೈಯಷ್ಟು ಉದ್ದ. ಬಂದ ಸದ್ದು ನಗಾರಿಯ ಸದ್ದಾಗಿರಲಿಲ್ಲ. ನಲವತ್ತು ಜನರಲ್ಲಿ ಯಾರೂ ಹೆಜ್ಜೆ ಎತ್ತಲಿಲ್ಲ. ಗೌಡ ಇನ್ನೊಮ್ಮೆ ಅಂದ. ಕರಿಯಣ್ಣ ಅಳುತ್ತ ಇನ್ನೊಮ್ಮೆ ಬಾರಿಸಿದ, ಮತ್ತೊಮ್ಮೆ ಬಾರಿಸಿದ. ಆರು ಏಟು ಅಂತ ಕೆಲವರು, ಒಂಬತ್ತು ಅಂತ ಕೆಲವರು. ಬೆರಳುಗಳು ಬೆರಳುಗಳ ಹಾಗೆ ಕಾಣುತ್ತಿರಲಿಲ್ಲ. ಆ ಕೈ ತಾನಾಗಿ ಜಾರಿ ತೊಗಲಿನ ಅಂಚಿಗೆ ಬಂತು, ನಡುವೆ ಕೋಲು ಬೀಳುವಷ್ಟು ಜಾಗವಾಯಿತು. ಸಾಲಿನಲ್ಲಿ ಲಕ್ಕಪ್ಪ ಕತ್ತಿಯನ್ನು ಹೆಗಲಿಗೇರಿಸಿಕೊಂಡ. ಕರಿಯಣ್ಣ ಕೋಲೆತ್ತಿದ.

ಮೈಲಾರಿ ಆ ಜಾಗದಲ್ಲಿ ಎಡಗೈ ಇಟ್ಟ.